ಮಾಳವ್ವನ ಎಡೆ ಮುಟ್ಟದ ಕಾಗೆ

ಸತ್ತವರು ಏನನ್ನಾದರೂ ಬೇಡುತ್ತಾರೆ ಎಂದು ಯಾರಾದರೂ ನನ್ನೆದುರು ಹೇಳಿದರೆ, ಅವರ ಬಾಯಿ ಮುಚ್ಚಿಸುವ ತನಕ ನಾನು ಬಿಡುತ್ತಿರಲಿಲ್ಲ. ಕಾಗೆ ಅನ್ನ ಮುಟ್ಟಿದರೆ ಅದಕ್ಕೆ ಹಸಿವಾಗಿದೆ, ಮುಟ್ಟದಿದ್ದರೆ ಬೇರೆಲ್ಲೋ ತಿಂದು ಬಂದಿದೆ, ಇಷ್ಟಕ್ಕೆ ಇಷ್ಟೊಂದು ಗದ್ದಲ ಯಾಕೆ ಎಂದು ವಾದಕ್ಕೆ ನಿಲ್ಲುತ್ತಿದ್ದೆ. ಈಗಲೂ ನಾನು ದೆವ್ವ ಗಿವ್ವ ನಂಬುವವಳಲ್ಲ. ಆದರೆ ವಾದ ಮಾಡುವುದನ್ನು ಬಿಟ್ಟಿದ್ದೇನೆ. ಯಾಕೆ ಬಿಟ್ಟೆ ಎಂಬುದನ್ನು ಹೇಳುತ್ತೇನೆ, ನಂಬುವುದು ಬಿಡುವುದು ನಿಮ್ಮ ಇಷ್ಟ.

ಎಪ್ಪತ್ತರ ದಶಕದ ಮಾತು. ಮಹಾರಾಷ್ಟ್ರದ ಜತ್ತ ತಾಲೂಕಿನ ಮಾಡಗ್ಯಾಳದ ಕನ್ನಡ ಶಾಲೆಯಲ್ಲಿ ನಾನು ‘ಬಾಯಾರು’. ಕಲಿಸುವ ಹೆಂಗಸನ್ನು ಅಲ್ಲಿ ಹಾಗೇ ಕರೆಯುವುದು. ಕುರಿ ಸಾಕುವ ಬೀರಪ್ಪನ ಮನೆಯ ಒಂದು ಕೋಣೆಯಲ್ಲಿ ಬಾಡಿಗೆಗೆ ಇದ್ದೆ. ಮನೆಯಲ್ಲಿ ಬೀರಪ್ಪ, ಅವನ ತಾಯಿ ನಿಂಗವ್ವ, ಹೆಂಡತಿ ಮಾಳವ್ವ, ಆಗಷ್ಟೇ ಶಾಲೆಗೆ ಬರತೊಡಗಿದ್ದ ಮಗಳು ಲಕ್ಕಿ. ಇವರ ಜೊತೆಗೊಂದು ತಬ್ಬಲಿ ಕುರಿಮರಿ. ಮಾಳವ್ವ ಅದಕ್ಕೆ ಬಾಟಲಿಯಲ್ಲಿ ಹಾಲು ಕುಡಿಸಿ ಬದುಕಿಸಿದ್ದಳು. ಅದು ಹೊತ್ತು ಹೊತ್ತಿಗೂ ಲಕ್ಕಿಯ ಹಿಂದೆಯೇ ಇರುತ್ತಿತ್ತು.

ಮಾಳವ್ವನಿಗೆ ಹಾಡೆಂದರೆ ಪ್ರಾಣ. ಅವಳಿಗೆಂದೇ ಬೀರಪ್ಪ ಟ್ರಾನ್ಸಿಸ್ಟರ್ ರೇಡಿಯೋ ತಂದಿದ್ದ. ಸೆಲ್ಲುಗಳು ಬೇಗ ತೀರಿಹೋಗುತ್ತಿದ್ದವು. ಮನೆಗೆ ಹೊಸದಾಗಿ ಕರೆಂಟು ಬಂದಿದ್ದರಿಂದ, ನಾನು ಬೇಸಿಗೆ ರಜೆಗೆ ನಮ್ಮೂರು ಕರಜಗಿಗೆ ಹೋಗಿದ್ದಾಗ ಅವನು ಯಾವುದೋ ಸಂತೆಯಿಂದ ಒಂದು ಅಗ್ಗದ ಡಬ್ಬಿ ತಂದ. ಒಂದು ವಾಯರು ಗೋಡೆಯ ಪ್ಲಗ್ಗಿಗೆ, ಇನ್ನೊಂದು ರೇಡಿಯೋಕ್ಕೆ. ಎಲಿಮಿನೇಟರ್ ಎಂದು ಅದರ ಹೆಸರು. ಸೆಲ್ಲಿನ ಕಾಟವಿಲ್ಲದೆ ರೇಡಿಯೋ ಹಾಡಲು ಶುರುಮಾಡಿತು.

ಡಬ್ಬಿ ಬಂದ ಮೇಲೆ ರೇಡಿಯೋದ ಏರಿಯಲ್ ಕಡ್ಡಿ ಮುಟ್ಟಿದರೆ ಬೆರಳು ಜುಮ್ಮೆನ್ನುತ್ತಿತ್ತಂತೆ. ಹೆದರಬೇಕಾದದ್ದಕ್ಕೆ ಹೆದರದೆ, ನಮ್ಮ ಜನ ಅದರಲ್ಲೂ ಔಷಧ ಕಂಡುಕೊಂಡರು! ಮೊಣಕಾಲು ನೋವಿಗೆ ಒಳ್ಳೆಯದೆಂದು ನಿಂಗವ್ವ ದಿನಾ ಸಂಜೆ ಕಂಬಳಿ ಮಡಚಿ ಹಾಕಿ, ಅದರ ಮೇಲೆ ಕೂತು ಕಡ್ಡಿಗೆ ಬೆರಳು ತಾಗಿಸಿಕೊಳ್ಳುತ್ತಿದ್ದಳು. ಓಣಿಯ ಮುದುಕಿಯರೂ ಬಂದು ಸರತಿಯಲ್ಲಿ ಕೂರುತ್ತಿದ್ದರು. ಉಣ್ಣೆಯ ಒಣ ಕಂಬಳಿಯೊಂದು ಅಡಿಯಲ್ಲಿತ್ತು, ಅದಕ್ಕೇ ಅವರ ಜೀವ ಉಳಿದಿತ್ತು. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ.

ಒಂದು ಮುಂಜಾನೆ ಮಾಳವ್ವ ಸೆಗಣಿಯಿಂದ ನೆಲ ಸಾರಿಸಿದವಳು ಎದ್ದು ನಿಂತಿದ್ದಾಳೆ. ಮುಂದೆ ಏನಾಯಿತೆಂದು ಕಂಡವರಿಲ್ಲ. ನಿಂಗವ್ವ ಹಿತ್ತಲಿನಿಂದ ಒಳಗೆ ಬಂದಾಗ ಸೊಸೆ ಹಸಿ ನೆಲದ ಮೇಲೆ ಬಿದ್ದಿದ್ದಳು. ರೇಡಿಯೋದಲ್ಲಿ ಹಾಡು ನಡೆದೇ ಇತ್ತು. ಯಾರೋ ಅದರ ಕಿವಿ ತಿರುವಿ ಬಾಯಿ ಮುಚ್ಚಿಸಿದರು. ಗೋಡೆಯ ಗುಂಡಿ ಆರಿಸಬೇಕೆಂದು ಆ ಅಳುವಿನಲ್ಲಿ ಯಾರಿಗೆ ಹೊಳೆಯಬೇಕು? ಎದೆ ನಿಂತುಹೋಯಿತು ಎಂದರು ಕೆಲವರು. ಗಾಳಿ ಬಡಿಯಿತು ಎಂದರು ಉಳಿದವರು. ಸುದ್ದಿ ತಿಳಿದು ನಾನು ಕರಜಗಿಯಿಂದ ಓಡಿ ಬರುವಷ್ಟರಲ್ಲಿ ಮಣ್ಣು ಕೊಟ್ಟಾಗಿತ್ತು.

ಮೂರನೆಯ ದಿನ ಮಣ್ಣು ಕೊಟ್ಟ ಜಾಗದಲ್ಲಿ ಎಡೆ ಇಡುವುದು ರೂಢಿ. ಕಾಗೆ ಮುಟ್ಟಿದರೆ ಸತ್ತವರ ಮನಸ್ಸು ತಣ್ಣಗಾಯಿತು. ಮುಟ್ಟದಿದ್ದರೆ ಏನೋ ಆಸೆ ಉಳಿದಿದೆ, ಅದನ್ನು ನಡೆಸಿಕೊಡುತ್ತೇವೆಂದು ಒಬ್ಬೊಬ್ಬರಾಗಿ ಮಾತು ಕೊಡಬೇಕು. ನಾನೂ ಹೋದೆ. ನಂಬಿಕೆಯಿಂದ ಹೋದೆನೇ? ಇಲ್ಲ. ಲಕ್ಕಿ ನನ್ನ ಸೆರಗು ಬಿಟ್ಟಿರಲಿಲ್ಲ, ಅದಕ್ಕೆ ಹೋದೆ.

ಹೋಳಿಗೆ, ಅನ್ನ, ಹಾಲು, ಅವಳಿಗೆ ಸೇರುತ್ತಿದ್ದ ಶೇಂಗಾ ಚಟ್ನಿ, ಎಲ್ಲ ಇಟ್ಟು ದೂರ ನಿಂತೆವು. ಜಾಲಿಮರದ ತುಂಬ ಕಾಗೆಗಳಿದ್ದವು. ಒಂದೂ ಇಳಿಯಲಿಲ್ಲ. ಬೀರಪ್ಪ ಕೈ ಮುಗಿದು, “ಲಕ್ಕಿಗಿ ಮಲತಾಯಿನ್ನ ತರೂದಿಲ್ಲ” ಎಂದ. ಕಾಗೆ ಮಿಸುಕಲಿಲ್ಲ. ಕುಣಿಕೋಣೂರಿನಿಂದ ಬಂದಿದ್ದ ಮಾಳವ್ವನ ಅಣ್ಣ, “ಪಂಚಮಿಗಿ ನಿನ್ನ ಮಗಳ್ನ ತವರಿಗಿ ಕರಕೊಂಡ ಹೋಗ್ತೀನಿ” ಎಂದ. ಅದಕ್ಕೂ ಇಲ್ಲ. ಆಗ ಎಲ್ಲರೂ ನನ್ನ ಮುಖ ನೋಡಿದರು.

“ಬಾಯಾರ, ನಿಮ್ಮನ್ನ ಭಾಳ ಹಚ್ಚಿಕೊಂಡಿದ್ಳು. ನೀವೂ ಒಂದ ಮಾತ ಹೇಳ್ರಿ.”

ನನಗೆ ನಾಚಿಕೆಯಾಯಿತು. ಆದರೂ ಲಕ್ಕಿಯ ಶಾಲೆ ಬಿಡಿಸಗೊಡುವುದಿಲ್ಲ ಎಂದು ಮಣ್ಣಿನ ಗುಡ್ಡೆಗೆ ಹೇಳಿದೆ. ಒಂದು ಕಾಗೆ ಇಳಿದು ಎಡೆಯ ಹತ್ತಿರಕ್ಕೆ ಕುಪ್ಪಳಿಸಿತು. ನನ್ನ ಎದೆ ಡವಡವ ಎಂದದ್ದು ಸುಳ್ಳಲ್ಲ. ಬೀರಪ್ಪನಿಗೆ ಧೈರ್ಯ ಬಂತು. ಅವಳಿಗೆ ಅತಿ ಪ್ರೀತಿಯದು ಯಾವುದೋ ಅದನ್ನೇ ಹೇಳಿಬಿಟ್ಟ: “ನಿನ್ನ ರೇಡಿಯೋ ನಿನ್ನ ಮಗಳಿಗೇ. ದಿನಾ ಮುಂಜಾನೆ ಆಕಿ ಕೈಲೇ ಹಚ್ಚಸ್ತೀನಿ.”

ಇನ್ನೇನು ಕೊಕ್ಕು ಚಾಚಬೇಕಿದ್ದ ಕಾಗೆ ಕರ್ಕಶವಾಗಿ ಕೂಗಿ ಹಾರಿತು. ಅದರ ಹಿಂದೆಯೇ ಮರದಲ್ಲಿದ್ದವೆಲ್ಲ ಎದ್ದು ನಮ್ಮ ತಲೆಯ ಮೇಲೆ ಗಿರಕಿ ಹೊಡೆಯುತ್ತ ಅರಚಿಕೊಂಡವು. ಅಂಥ ಕೂಗನ್ನು ನಾನು ಮತ್ತೆ ಕೇಳಿಲ್ಲ.

ಬಿಸಿಲೇರಿತು. ಲಕ್ಕಿ ನೀರು ಬೇಕೆಂದು ಅಳತೊಡಗಿದಳು. ಎಡೆಯನ್ನು ಆಕಳಿಗೆ ತಿನ್ನಿಸಿ ಮುಗಿಸೋಣವೆಂದು ಹಿರಿಯರು ಮಾತಾಡಿಕೊಳ್ಳುತ್ತಿದ್ದಾಗ ನಿಂಗವ್ವ ಸಿಟ್ಟಿಗೆದ್ದು ಗುಡ್ಡೆಯ ಹತ್ತಿರ ಹೋಗಿ ಕುಕ್ಕರಿಸಿದಳು. ಅತ್ತೆ ಸೊಸೆ ಅಡುಗೆಮನೆಯಲ್ಲಿ ಜಗಳವಾಡುವಾಗಿನ ದನಿಯೇ ಅದು.

“ಏನ ಹಟಾ ಮಾಡ್ತಿಯೇ ನಮ್ಮವ್ವ! ಬದುಕಿದ್ದಾಗೂ ನಿಂದs ನಡೀತು, ಈಗೂ ನಿಂದs ನಡೀಬೇಕೇನ? ರೇಡಿಯೋ ಬ್ಯಾಡೇನ? ಬ್ಯಾಡಾದ್ರ ಬ್ಯಾಡ. ನನ್ನ ಮೊಣಕಾಲ ಹಾಳಾಗಿ ಹೋಗ್ಲಿ. ಇವತ್ತs ಹೊರಗ ಒಗೀತೀನಿ, ನಿನ್ನ ಮಗಳ ಕೈಗಿ ಹತ್ತಗೊಡೂದಿಲ್ಲ.” ಅಷ್ಟು ಹೇಳಿ ಮುದುಕಿ ದನಿ ತಗ್ಗಿಸಿದಳು. “ಉಣ್ಣ ಬಾ, ನನ್ನ ತಾಯಿ.”

ಅವಳು ಏಳುವುದಕ್ಕೂ ಬಿಡಲಿಲ್ಲ. ಕಾಗೆಯೊಂದು ಅವಳ ಪಕ್ಕದಲ್ಲೇ ಇಳಿದು ಅನ್ನಕ್ಕೆ ಬಾಯಿ ಹಾಕಿತು. ಎಲ್ಲರೂ ಗೊಳೋ ಎಂದು ಅತ್ತರು. ಬೀರಪ್ಪ ಕೈ ಎತ್ತಿದ್ದಕ್ಕೆ ಹಾರಿತ್ತು, ಮುದುಕಿ ಅಲುಗಾಡದೆ ಕೂತದ್ದಕ್ಕೆ ಬಂತು ಎಂದು ನಾನು ಮನಸ್ಸಿನಲ್ಲೇ ಕಾರಣ ಹೊಂದಿಸಿಕೊಂಡೆ. ನನ್ನ ಬುದ್ಧಿಗೆ ಅದು ಸರಿಯಾಗಿಯೇ ಕಂಡಿತು.

ಮನೆಗೆ ಬಂದೆವು. ನೆರೆಯವರು ಅಷ್ಟರಲ್ಲಿ ಪಡಸಾಲೆಯನ್ನೆಲ್ಲ ಸಾರಿಸಿದ್ದರು. ನೆಲ ಇನ್ನೂ ಹಸಿಯಾಗಿತ್ತು. ನಿಂಗವ್ವ ಬಾಗಿಲಲ್ಲೇ ಕುರಿ ಕಾಯುವ ಬಡಿಗೆ ಎತ್ತಿಕೊಂಡಳು. “ಸತ್ತಾಕಿ ಒಲ್ಲೆ ಅಂದದ್ದನ್ನ ಕೈಲೆ ಮುಟ್ಟಬಾರ್ದು” ಎಂದು ಬಡಿಗೆಯಿಂದಲೇ ಗೋಡೆಯ ಮಾಡದಲ್ಲಿದ್ದ ರೇಡಿಯೋವನ್ನು ಕೆಳಕ್ಕೆ ಕೆಡವಿದಳು. ವಾಯರು ಪ್ಲಗ್ಗಿನಲ್ಲೇ ಇತ್ತು.

“ನಮ್ಮವ್ವನ ರೇಡಿಯೋ!” ಎಂದು ಲಕ್ಕಿ ನನ್ನ ಕೈ ಕಿತ್ತುಕೊಂಡು ಓಡಿದಳು. ಅವಳ ಕಾಲ ಸಂದಿಯಿಂದ ಕುರಿಮರಿ ಮುಂದೆ ನುಗ್ಗಿತು. ಬಿದ್ದ ರೇಡಿಯೋದ ಕಡ್ಡಿಯನ್ನು ಹಾಲಿನ ಬಾಟಲಿಯೆಂದುಕೊಂಡಿತೋ ಏನೋ, ಪಾಪ, ಬಾಯಿ ಹಾಕಿತು. ಅಷ್ಟೇ. ಒಮ್ಮೆ ಸೆಟೆದು, ಬಿತ್ತು. ಮತ್ತೆ ಏಳಲಿಲ್ಲ. ನಾನು ಲಕ್ಕಿಯ ಜಡೆ ಹಿಡಿದು ಹಿಂದಕ್ಕೆ ಎಳೆದೆ. ಅವಳ ಚಾಚಿದ ಕೈಗೂ ಆ ಕಡ್ಡಿಗೂ ಗೇಣು ಅಂತರವಿತ್ತೋ ಇಲ್ಲವೋ. ಅವಳನ್ನು ಎತ್ತಿಕೊಂಡೇ ಹೊರಗೋಡಿ ಮೇನ್ ಸ್ವಿಚ್ಚು ಕೆಳಗೆಳೆದೆ.

ಬೀರಪ್ಪ ಆ ಡಬ್ಬಿಯನ್ನು ಕಲ್ಲಿನಿಂದ ಜಜ್ಜಿದ. ಒಳಗೆ ಸುಟ್ಟು ಕರಿದಾದ ಕಾಗದ, ಹೊದಿಕೆ ಕಿತ್ತುಹೋದ ತಂತಿಗಳು. ಗೋಡೆಯಿಂದ ಬಂದ ತಂತಿ ರೇಡಿಯೋಕ್ಕೆ ಹೋಗುವ ತಂತಿಗೆ ಅಂಟಿಕೊಂಡಿತ್ತು. ಕಂಬದ ಕರೆಂಟು ಅಷ್ಟೂ ಆ ಕಡ್ಡಿಗೆ ಬರುತ್ತಿತ್ತು. ಮಾಳವ್ವ ಒದ್ದೆ ಕೈಯಲ್ಲಿ, ಬರಿಗಾಲಲ್ಲಿ, ಹಸಿ ನೆಲದ ಮೇಲೆ ನಿಂತು ಹಾಡು ಸರಿಯಾಗಿ ಕೇಳಲೆಂದು ಕಡ್ಡಿ ಎತ್ತಿದ್ದಳೆಂಬುದು ಆಗ ನಮಗೆ ತಿಳಿಯಿತು. ಬೀರಪ್ಪ ಗೋಡೆಗೆ ತಲೆ ಚಚ್ಚಿಕೊಂಡ. “ನಾನs ತಂದಿದ್ನಲ್ಲೋ ಅದನ್ನ” ಎಂದು ಅತ್ತ.

ಅವಳು ಹೇಗೆ ಸತ್ತಳೆಂಬುದು ಸರಿ, ತಿಳಿಯಿತು. ಆದರೆ ಎಡೆಯ ಮುಂದೆ ನಿಂತಿದ್ದ ನಮಗೆ ಯಾರಿಗೂ ಆ ಹೊತ್ತಿನಲ್ಲಿ ಅದು ಗೊತ್ತಿರಲಿಲ್ಲ. ಬಲ್ಲವಳು ಒಬ್ಬಳೇ, ಅವಳು ಮಣ್ಣಿನೊಳಗಿದ್ದಳು. ಬೀರಪ್ಪ ಕೈ ಎತ್ತಿದ್ದ ಎಂದೆನಲ್ಲ, ಆಮೇಲೆ ಎಷ್ಟು ಸಲ ನೆನಪಿಸಿಕೊಂಡರೂ ಅವನು ಕೈ ಮುಗಿದೇ ನಿಂತಿದ್ದ. ಹಾಗಾದರೆ ಆ ಕಾಗೆ ಯಾಕೆ ಹಾರಿತು?

ಲಕ್ಕಿ ಈಗ ಮಕ್ಕಳ ತಾಯಿ. ಅವಳ ಮದುವೆಯಲ್ಲಿ ಅರಿಶಿನ ಹಚ್ಚಿಸಿಕೊಂಡು ಕೂತವಳು ನನ್ನನ್ನು ಹತ್ತಿರ ಕರೆದು ಕೇಳಿದ್ದಳು: “ಬಾಯಾರ, ಖರೇ ಹೇಳ್ರಿ. ಅವತ್ತ ನಮ್ಮವ್ವ ಏನ ಬೇಡಿದ್ಳ್ರಿ?”

ಹಕ್ಕಿಗೆ ಮಾತು ತಿಳಿಯುವುದಿಲ್ಲ ಮಗಳೇ ಎಂದು ಹೇಳಬೇಕಿತ್ತು. ಜೀವಮಾನವಿಡೀ ಶಾಲೆಯಲ್ಲಿ ಕಲಿಸಿದ್ದು ಅದನ್ನೇ. ಆದರೆ ಬಾಯಿಂದ ಬಂದದ್ದು ಬೇರೆ.

“ನೀ ಉಳೀಬೇಕಂತ ಬೇಡಿದ್ಳವ್ವ” ಎಂದೆ.

ಆ ಮಾತನ್ನು ನಿಜವೆಂದು ಒಪ್ಪಿಕೊಳ್ಳಲು ನನಗೆ ಇಂದಿಗೂ ಆಗಿಲ್ಲ. ಸುಳ್ಳು ಹೇಳಿದೆ ಎಂದು ಒಂದು ದಿನವೂ ಅನ್ನಿಸಿಲ್ಲ.