ನಾನು ನಂಬರ್ ಹಾಕಿದ ಮನೆಗಳು

ಹನ್ನೆರಡು ವರ್ಷ ನಾನು ಪುತ್ತೂರಿನ ಒಂದು ಲ್ಯಾಬಿನಲ್ಲಿ ಜನರ ರಕ್ತ ತೆಗೆಯುತ್ತಿದ್ದೆ. ಮೂವತ್ತೈದು ದಾಟಿದ ಮೇಲೆ ಅದನ್ನು ಬಿಟ್ಟು, ಹಳ್ಳಿಗಳ ಕುಡಿಯುವ ನೀರಿನ ಕೆಲಸ ಮಾಡುವ ಸಣ್ಣ ಸಂಸ್ಥೆಯೊಂದನ್ನು ಸೇರಿದೆ. ಕುಂಬ್ರದ ಮನೆಯಲ್ಲಿ ಉಮ್ಮನಿಗೆ ಅದು ಹಿಡಿಸಲಿಲ್ಲ. ಮತ್ತೆ ಮೂರು ವರ್ಷ ಕಳೆದು, ವಿದೇಶದಲ್ಲಿ ಅಂತಾರಾಷ್ಟ್ರೀಯ ಅಭಿವೃದ್ಧಿಯ ಬಗ್ಗೆ ಎಂ.ಎ. ಓದಲು ಅರ್ಜಿ ಹಾಕುತ್ತೇನೆ ಎಂದಾಗ, "ಇನ್ನು ಎಂತ ಓದುದು ಮಗಳೇ? ಯಾರನ್ನು ಅಭಿವೃದ್ಧಿ ಮಾಡ್ಲಿಕ್ಕೆ?" ಎಂದು ಕೇಳಿ ಮೀನು ತೊಳೆಯಲು ಎದ್ದುಹೋದರು.

ಅರ್ಜಿಯ ಜೊತೆ ಒಂದು ಪ್ರಬಂಧ ಕೊಡಬೇಕಿತ್ತು. ಹಳೆಯ ಕೆಲಸ ಬಿಟ್ಟು ಈ ದಾರಿಗೆ ಯಾಕೆ ಬಂದಿರಿ, ಬಂದು ಏನು ಮಾಡಿದಿರಿ ಎಂದು. ನನ್ನಲ್ಲಿ ಹೇಳಿಕೊಳ್ಳುವಂಥ ಸಂಗತಿಯೇ ಇತ್ತು. ಕಡಬದಿಂದ ಆಚೆ, ಕಾಡಿನ ಅಂಚಿಗೆ, ಹನ್ನೊಂದು ಮನೆಗಳ ಒಂದು ಕೇರಿ. ಅಲ್ಲಿಯ ಗೋಡೆಗಳ ಮೇಲೆ ಕೆಂಪು ಬಣ್ಣದಲ್ಲಿ ಒಂದರಿಂದ ಹನ್ನೊಂದರವರೆಗೆ ನಂಬರ್ ಬರೆದು ಸರ್ವೆ ಮಾಡಿದವಳು ನಾನು. ಬಾವಿಯ ನೀರನ್ನು ಪರೀಕ್ಷೆ ಮಾಡಿಸಿ, ಕುಡಿಯಲು ಯೋಗ್ಯವಲ್ಲ ಎಂದು ವರದಿ ಕೊಟ್ಟವಳೂ ನಾನೇ. ಆ ವರದಿ ನೋಡಿ ಪಂಚಾಯತಿನವರು ಅವರನ್ನೆಲ್ಲ ಸ್ಥಳಾಂತರಿಸಿ ರಸ್ತೆ ಬದಿಯಲ್ಲಿ ಹೊಸ ಮನೆ ಕೊಟ್ಟರು.

ನನಗೆ ಶಿಫಾರಸು ಪತ್ರ ಬರೆಯಬೇಕಿದ್ದ ಸಂಸ್ಥೆಯ ಹಿರಿಯರು ಕರಡು ಓದಿದರು. "ಎಲ್ಲ ಸರಿ ಉಂಟು ಮಾರಾಯ್ರೆ. ಆದ್ರೆ ಆಮೇಲೆ ನೀವು ಅಲ್ಲಿಗೆ ಹೋದದ್ದೇ ಇಲ್ವಾ?"

ಹೋಗಿರಲಿಲ್ಲ. ಮರುದಿನವೇ ಸ್ಕೂಟರ್ ತೆಗೆದೆ. ಮೊದಲು ಹಳೆಯ ಕೇರಿಯ ಫೋಟೋ, ಆಮೇಲೆ ಹೊಸ ಮನೆಗಳು ಎಂದುಕೊಂಡಿದ್ದೆ.

ತಲುಪುವಾಗ ಮಧ್ಯಾಹ್ನ ಮೂರು ಗಂಟೆ, ಒಳ್ಳೆ ಬಿಸಿಲು. ಹೋಗುವವರು ಬಾಗಿಲು, ಕಿಟಕಿಗಳನ್ನು ದಾರಂದದ ಚೌಕಟ್ಟು ಸಮೇತ ಕಿತ್ತುಕೊಂಡು ಹೋಗಿದ್ದರು. ಬಾಗಿಲು ಇದ್ದಲ್ಲೆಲ್ಲ ಆಳೆತ್ತರದ ಕತ್ತಲೆ. ಎರಡು ಮಳೆಗಾಲ ಕಳೆದು ಗೋಡೆಗಳು ಪಾಚಿಗಟ್ಟಿದ್ದವು. ನನ್ನ ನಂಬರುಗಳು ಮಾತ್ರ ನಿನ್ನೆ ಬರೆದ ಹಾಗಿದ್ದವು. ಮೊಬೈಲ್ ಎತ್ತಿದವಳು ಹಾಗೇ ಇಳಿಸಿದೆ. ಏಳನೇ ಮನೆಯ ಮಾಡಿನ ಹೆಂಚುಗಳ ಸಂದಿನಿಂದ ಹೊಗೆ ಏಳುತ್ತಿತ್ತು.

"ಬನ್ನಿ, ಕೂತ್ಕೊಳ್ಳಿ" ಎಂದಿತು ಒಳಗಿನಿಂದ ಒಂದು ದನಿ. ನಾನಿನ್ನೂ ಮೆಟ್ಟಿಲು ಹತ್ತಿರಲಿಲ್ಲ.

ಅರುವತ್ತರ ಹೆಂಗಸು. ಸರ್ವೆಯ ದಿನ ನೋಡಿದ ಮುಖ, ಹೆಸರು ನೆನಪಾಗಲಿಲ್ಲ. ದಿನಾ ಹೊಸ ಮನೆಯಿಂದ ನಡೆದು ಬಂದು ಇಲ್ಲಿ ಒಲೆ ಹಚ್ಚಿ ಹೋಗುತ್ತಾರಂತೆ. ಯಾಕೆ ಎಂದರೆ, "ಹಚ್ಚದಿದ್ರೆ ಹೇಗೆ?" ಎಂದರು. ನಂಬರುಗಳು ಮಾಸದಂತೆ ಕಾವಿ ಬಳಿಯುವವರೂ ಅವರೇ.

"ನೀವು ಹಾಕಿದ್ದಲ್ವಾ? ಅಳಿಸಿಹೋದ್ರೆ ನಾವು ಯಾರು ಅಂತ ಹೇಗೆ ಗೊತ್ತಾಗುದು?"

ಹೊಸ ಮನೆಗಳಿಗೂ ನನ್ನ ಪಟ್ಟಿಯ ನಂಬರುಗಳನ್ನೇ ಕೊಟ್ಟಿದ್ದರಂತೆ. ಎಲ್ಲರೂ ಹೇಗಿದ್ದಾರೆ ಎಂದು ಕೇಳಿದೆ.

"ಮೂರು ತೀರಿಹೋದ. ಐದು ಸಂಪಾಜೆಗೆ ತೋಟದ ಕೆಲಸಕ್ಕೆ ಹೋದ, ಬರ್ಲಿಲ್ಲ. ಒಂಬತ್ತರ ಮಗಳಿಗೆ ಮದುವೆ ಆಯ್ತು." ಆಮೇಲೆ ಎದುರಿನ ಖಾಲಿ ಮನೆಯ ಕಡೆ ತಿರುಗಿ ಕೂಗಿದರು: "ಓ ಎರಡೇ, ಯಾರು ಬಂದಿದ್ದಾರೆ ನೋಡು!"

ನನಗೆ ಅತ್ತ ತಿರುಗುವ ಧೈರ್ಯವಾಗಲಿಲ್ಲ. ಒಬ್ಬರು ಮೆಲ್ಲಗೆ ಕೆಮ್ಮಿದ ಹಾಗೆ ಕೇಳಿತು. ಅದು ಒಣಗಿದ ಅಡಿಕೆ ಹಾಳೆ ಜಾರಿದ ಸದ್ದಿರಬಹುದು. ಇರಬಹುದು ಎಂದೇ ಇವತ್ತಿಗೂ ಹೇಳಿಕೊಳ್ಳುತ್ತೇನೆ.

ಹೆಂಗಸು ಒಂದು ತುಂಡು ಬೆಲ್ಲ, ಒಂದು ಲೋಟ ನೀರು ತಂದಿಟ್ಟರು. ಅದೇ ಬಾವಿಯ ನೀರು. ಅದರಲ್ಲಿ ಏನೇನು ಉಂಟು ಎಂದು ನನಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ಅವರು ನನ್ನ ಮುಖವನ್ನೇ ನೋಡುತ್ತ ನಿಂತರು. ಬೈಯಲಿಲ್ಲ, ನಗಲೂ ಇಲ್ಲ. ನಾನು ಕುಡಿದೆ. ತಣ್ಣಗೆ, ಬಹಳ ರುಚಿಯಾಗಿತ್ತು. ಹೊಸ ಮನೆಗಳಿಗೆ ಹೋಗಲು ಆ ದಿನ ಮನಸ್ಸಾಗಲಿಲ್ಲ.

ಪ್ರಬಂಧವನ್ನು ಮೊದಲಿನಿಂದ ಬರೆದೆ. ಹನ್ನೊಂದು ಕುಟುಂಬಗಳಿಗೆ ಉಪಕಾರವಾಯಿತು ಎಂಬ ಸಾಲು ತೆಗೆದು, ಕಂಡದ್ದನ್ನು ಕಂಡ ಹಾಗೆ ಹಾಕಿದೆ. ಹಿರಿಯರು ಓದಿ, "ಇದಕ್ಕೆ ಸೀಟು ಕೊಡ್ತಾರಾ?" ಎಂದು ಅನುಮಾನಪಟ್ಟರೂ ಶಿಫಾರಸು ಪತ್ರ ಬರೆದುಕೊಟ್ಟರು. ಎರಡು ವಿಶ್ವವಿದ್ಯಾಲಯಗಳು ಬೇಡ ಎಂದವು. ಮೂರನೆಯದು ಸೀಟು ಕೊಟ್ಟಿತು. ಉಮ್ಮ ಪತ್ರವನ್ನು ತಿರುಗಿಸಿ ಮುರುಗಿಸಿ ನೋಡಿ, "ಅಲ್ಲಿ ಚಳಿ ಉಂಟಾ?" ಎಂದಷ್ಟೇ ಕೇಳಿದರು.

ಹೊರಡುವ ಮೊದಲು, ನನ್ನ ಪಟ್ಟಿಯಲ್ಲಿ ಇಲ್ಲದ, ಆ ಹನ್ನೊಂದು ಮನೆಯವರ ಹೆಸರುಗಳನ್ನು ಬರೆದಿಟ್ಟುಕೊಳ್ಳಬೇಕು ಎನಿಸಿತು. ಒಂದು ಬೆಳಿಗ್ಗೆ ಪುಸ್ತಕ, ಪೆನ್ನು ಹಿಡಿದು ರಸ್ತೆ ಬದಿಯ ಹೊಸ ಮನೆಗಳಿಗೆ ಹೋದೆ. ನಾಲ್ಕನೇ ಮನೆಯ ಗಂಡಸು ಅಂಗಳದಲ್ಲಿದ್ದರು. ನನ್ನನ್ನು ನೋಡಿದರು, ಕೈಯಲ್ಲಿದ್ದ ಪುಸ್ತಕವನ್ನು ನೋಡಿದರು.

"ಈ ಸಲ ನಮ್ಮನ್ನು ಎಲ್ಲಿಗೆ ಕಳಿಸುದು ಮೇಡಂ?" ಎಂದರು.

"ಎಲ್ಲಿಗೂ ಇಲ್ಲ ಅಣ್ಣ. ಹೆಸರು ಕೇಳ್ಲಿಕ್ಕೆ ಬಂದದ್ದು, ಅಷ್ಟೆ."

ಅವರು ತಲೆಯಾಡಿಸಿದರು. ಒಳಗೆ ಹೆಂಡತಿಗೆ ಏನೋ ಹೇಳಿದರು. ಆಮೇಲೆ ಹಗ್ಗದ ಮೇಲಿದ್ದ, ಇನ್ನೂ ಒಣಗದ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಮಡಚತೊಡಗಿದರು. ನಾನು ಬೇಡ ಬೇಡ ಎನ್ನುತ್ತಲೇ ಇದ್ದೆ.