ಯೂಸುಫಣ್ಣನ ಹೆಸರು

ನಸ್ರೀನ್, ನಿನ್ನ ಶೋಕಗೀತೆಯನ್ನು ಕತ್ತರಿಸಿದವಳು ನಾನು. ಸಂಪಾದಕರಲ್ಲ.

ಇಪ್ಪತ್ತೊಂದರ ಆ ಬೇಸಿಗೆ ಮೈಸೂರಿನಲ್ಲಿ ನಿನ್ನಣ್ಣ ಕೋವಿಡ್‌ನಿಂದ ತೀರಿಕೊಂಡರು. ಹೋದರೆ ವೀಸಾದ ಮೇಲೆ ವಾಪಸ್ ಬರಲಾಗದೆಂದು ನೀನು ಅಮೆರಿಕದ ಈ ಬ್ಯಾಲಂಟೈನಿನಲ್ಲೇ ಉಳಿದೆ, ನಮ್ಮ ಗೋಡೆಯಾಚೆಯ ಮನೆಯಲ್ಲಿ. ಕನ್ನಡ ಕೂಟದ ಸ್ಮರಣ ಸಂಚಿಕೆಗೆ ಬಂದ ಬರಹಗಳನ್ನು ತಿದ್ದುವ ಕೆಲಸ ನನ್ನದಾಗಿತ್ತು. ನೀನು ಪದ್ಯ ತಂದುಕೊಟ್ಟು ನಮ್ಮ ಅಡುಗೆಮನೆಯಲ್ಲಿ ಕುಳಿತೆ. ಒಂದೇ ಕಿವಿಯಲ್ಲಿ ಓಲೆಯಿತ್ತು—ನಿನಗೆ ಗೊತ್ತಿರಲಿಲ್ಲ.

“ಹಿಂದೆ ಅರಬ್ಬರಲ್ಲಿ ಸತ್ತವರ ಮೇಲೆ ಹಾಡು ಕಟ್ತಿದ್ದದ್ದು ಹೆಂಗಸರೇ ಅಕ್ಕ. ಅಣ್ಣ ಸತ್ರೆ ತಂಗಿ ಹೆಸರು ಹಿಡಿದು ಕರೀತಾನೇ ಇರ್ಬೇಕು, ದೂರ ಹೋಗ್ಬೇಡ ಅಂತ. ನಮ್ಮಣ್ಣ ಬದುಕಿದ್ದಾಗ್ಲೇ ಒಂದ್ಸಲ ಕರೆದ್ರೆ ಓ ಅಂದೋನಲ್ಲ,” ಎಂದು ನೀನು ನಕ್ಕೆ.

ಪ್ರತಿ ಸಾಲಿನ ಕೊನೆಗೂ ‘ಯೂಸುಫಣ್ಣ, ದೂರ ಹೋಗಬೇಡ’ ಎಂದಿತ್ತು. ನಾನು ಓದಿದ ಕಾನ್ವೆಂಟಿನಲ್ಲಿ ಒಂದೇ ಮಾತು ಎರಡು ಸಲ ಬಂದರೆ ಸಿಸ್ಟರ್ ಕೆಂಪು ಗೆರೆ ಎಳೆಯುತ್ತಿದ್ದರು. ಅತ್ತರೂ ಕರ್ಚೀಫಿನೊಳಗೇ ಅಳಬೇಕಿತ್ತು. ನಾನೂ ಗೆರೆ ಎಳೆದೆ. ಕೊನೆಯ ಸಾಲಿನಲ್ಲಷ್ಟೇ ಅಣ್ಣ ಉಳಿದರು. ಪದ್ಯ ಚೊಕ್ಕಟವಾಯಿತು—ಇಸ್ತ್ರಿ ಮಾಡಿದ ಹಾಗೆ.

ಸಂಚಿಕೆ ಬಂದಾಗ ನೀನು ಬಾಗಿಲಲ್ಲೇ ನಿಂತು ಕೇಳಿದೆ: “ಅಕ್ಕ, ನಮ್ಮಣ್ಣ ಎಲ್ಲಿ?”

“ಜಾಗ ಸಾಲಲಿಲ್ವಂತಮ್ಮ. ಎಡಿಟರ್ಸ್ ಕಟ್ ಮಾಡ್ಬಿಟ್ರು.”

“ಮುಖ ನೋಡೋಕಂತೂ ಆಗ್ಲಿಲ್ಲ. ಕರೆಯೋದಾದ್ರೂ…”

ಅಷ್ಟೇ. ನಾನು ಕೇಕ್ ಕೊಟ್ಟಿದ್ದ ಡಬ್ಬಿಯನ್ನು ನೀನು ತೊಳೆದು ತಂದಿದ್ದೆ. ಖಾಲಿ ಕೊಡಬಾರದೆಂದು ಖರ್ಜೂರ ತುಂಬಿದ್ದೆ. ಅದನ್ನು ಕೈಗಿತ್ತು ಹೋದೆ. ಮತ್ತೆಂದೂ ಪದ್ಯ ತರಲಿಲ್ಲ. ಮರುವರ್ಷ ನೀನು ದೂರದ ಲಾರೆನ್ಸ್‌ವಿಲ್‌ಗೆ ಮನೆ ಬದಲಿಸಿದೆ.

ಕಾನ್ವೆಂಟಿನ ಮೇಲೆ ಹೊರಿಸಿ ಸುಮ್ಮನಾಗಬಹುದಿತ್ತು. ಆದರೆ—ಸುದ್ದಿ ಬಂದ ಮಧ್ಯಾಹ್ನ ನೀನು ಅಣ್ಣನನ್ನು ಕೂಗಿ ಕೂಗಿ ಅಳುತ್ತಿದ್ದೆ. ನಾನು ನಿನ್ನ ಬಳಿ ಬರಲಿಲ್ಲ. ಎದ್ದು ಕಿಟಕಿ ಮುಚ್ಚಿದೆ. ಆ ಕೂಗು ನನಗೆ ಮುಜುಗರವಾಗಿತ್ತು, ನಸ್ರೀನ್. ಪದ್ಯದಲ್ಲೂ ಅದೇ ಕೂಗು ಕೇಳಿಸಿತು—ಅಲ್ಲೂ ಮುಚ್ಚಿದೆ.

ಈ ಬರಹ ಮೊದಲು ನಿನಗೆ. ನೀನು ಒಪ್ಪಿದರೆ ಈ ಸಲದ ಸಂಚಿಕೆಯಲ್ಲಿ ನಿನ್ನ ಪದ್ಯ ಪೂರ್ತಿಯಾಗಿ ಬರಲಿ, ಪಕ್ಕದಲ್ಲಿ ನನ್ನ ಹೆಸರಿನೊಂದಿಗೆ ಇದೂ. ಒಪ್ಪದಿದ್ದರೆ, ಅದೂ ನಿನ್ನ ಹಕ್ಕು.

ಇವತ್ತು ಬೆಳಿಗ್ಗೆ ನಾನು ಅದೇ ಕಿಟಕಿ ತೆರೆದು ನಿನ್ನ ಪದ್ಯವನ್ನು ಗಟ್ಟಿಯಾಗಿ ಓದಿದೆ. ಎರಡನೆಯ ಸಾಲಿಗೇ ನೀನಿದ್ದ ಮನೆಗೆ ಬಂದಿರುವ ಹೊಸಬರು ಗಿಡಕ್ಕೆ ನೀರು ಹಾಕುವುದನ್ನು ಬಿಟ್ಟು ತಲೆಯೆತ್ತಿ ನೋಡಿದರು. ನಾಚಿಕೆಯಾಯಿತು. ಆದರೂ ಕರೆದೆ—ಯೂಸುಫಣ್ಣ, ಯೂಸುಫಣ್ಣ—ಎಲ್ಲ ಸಾಲು ಮುಗಿಯುವವರೆಗೆ.