ಯೋಬಾನಾಳ ಮೂರನೆಯ ವರ್ಷದ ಹರಕೆ

ಯೋಬಾನಾ ಕೊಂದೋರಿಯೊಂದಿಗಿನ ನನ್ನ ಮೊದಲ ಮಾತುಕತೆ ನಿಗದಿಯಾದದ್ದು ಅವಳ ತಾಯಿಯ ಹೊಲಿಗೆ ಅಂಗಡಿಯಲ್ಲಿ. ಒರೂರೊ ಎಂಬ ಗಣಿ ಊರಿನಲ್ಲಿ ಕಾರ್ನಿವಲ್ ಹಬ್ಬದ ಕುಣಿತದ ವೇಷಗಳಿಗೆ ಕಸೂತಿ ಹಾಕುವ ಆ ತಾಯಿ, ದಾಮಿಯಾನಾರ ನೆನಪುಗಳನ್ನು ದಾಖಲಿಸಲು ನಾನು ಹೋಗಿದ್ದೆ. ಪರದೆಯ ಹಿಂದೆ ಮಲಗಿದ್ದ ಹದಿನಾರರ ಮಗಳು, "ಅಮ್ಮನ ಕತೆ ಊರಿಗೆಲ್ಲ ಗೊತ್ತು. ನಂದನ್ನ ಯಾರೂ ಕೇಳಿಲ್ಲ," ಎಂದಳು. ಮಂದ ಬೆಳಕಿರಬೇಕು, ಮಲಗಿಯೇ ಮಾತಾಡುವೆ, ಸಾಕೆಂದಾಗ ನೀವು ಎದ್ದು ಹೋಗಬೇಕು ಎಂಬ ಅವಳ ಷರತ್ತುಗಳಿಗೆ ಒಪ್ಪಿದೆ.

ಊರ ಚರ್ಚಿನ ದೇವಿ ಗಣಿಗಳ ಮಾತೆಗೆ ಅವಳು ಹೊತ್ತ ಹರಕೆ, ವರ್ಷಕ್ಕೊಮ್ಮೆಯಂತೆ ಮೂರು ಕಾರ್ನಿವಲ್‌ಗಳ ಕುಣಿತ. ಎರಡು ಸಂದಿದ್ದವು. ಆಮೇಲೆ ಮೈಯಲ್ಲಿ ನೋವು ನೆಲೆಯೂರಿತು.

"ಅದು ಬರೋದಲ್ಲ, ಇರುತ್ತೆ," ಎಂದಳು. "ರಾತ್ರಿ ಹಿಮ ಬಿದ್ದ ಹಾಗೆ ಸದ್ದಿಲ್ಲದೆ ಕೂತಿರುತ್ತೆ. ತೊಟ್ಟ ಅಂಗಿ ತವರದ ತಗಡಾಗುತ್ತೆ."

ಊರಿನ ಆಸ್ಪತ್ರೆಯ ಪರೀಕ್ಷೆಗಳಲ್ಲಿ ಯಾವ ದೋಷವೂ ಕಾಣಲಿಲ್ಲ. ಹರಕೆ ಹೊತ್ತವರು ಕುಣಿತದ ತಾಲೀಮು ತಪ್ಪಿಸಿದರೆ ಮಾತೆ ಮೈನೋವು ಕೊಡುತ್ತಾಳೆ, ಕುಣಿದರೆ ಬಿಡುತ್ತಾಳೆ ಎಂಬುದು ಅಲ್ಲಿನವರ ನಂಬಿಕೆ. ದಾಮಿಯಾನಾ ಮಗಳನ್ನು ಎಬ್ಬಿಸಿ ತಾಲೀಮಿಗೆಂದು ಭಾರದ ವೇಷ ತೊಡಿಸುತ್ತಿದ್ದರು.

"ಮಾತೆ ಕಿವಿ ಹಿಂಡ್ತಿದಾಳೆ ಕಣೇ. ಕುಣಿ, ಬಿಡ್ತಾಳೆ."

"ಪಾತ್ರೆ ತೊಳೆಯೋ ಹೊತ್ತಿಗೇ ಇವಳಿಗೆ ನೋವು," ಎಂದು ಚಿಕ್ಕಮ್ಮ ಸೇರಿಸುತ್ತಿದ್ದಳಂತೆ. "ಊಟಕ್ಕೆ ಮಾತ್ರ ಕೈ ಚೆನ್ನಾಗೇ ಏಳುತ್ತೆ."

ಯೋಬಾನಾಳಿಗೆ ಬೇಕಿದ್ದುದು ಒಂದೇ: ಅಮ್ಮ ನಂಬಬೇಕು.

ಹದಿಹರೆಯದವರ ದೀರ್ಘಕಾಲದ ನೋವನ್ನು ಅಧ್ಯಯನ ಮಾಡುತ್ತಿದ್ದ ಡಾಕ್ಟರ್ ಪಾರೇದೆಸ್ ತಾಯಿ ಮಗಳಿಬ್ಬರನ್ನೂ ಲಾ ಪಾಸ್ ನಗರದ ತಮ್ಮ ಆಸ್ಪತ್ರೆಗೆ ಕರೆಸಿಕೊಂಡರು. ಅವಳ ಕಾಯಿಲೆಗೆ ಫೈಬ್ರೊಮಯಾಲ್ಜಿಯಾ ಎಂಬ ಹೆಸರು ಸಿಕ್ಕಿದ್ದು ಅಲ್ಲಿ. ಮಿದುಳಿನ ಚಿತ್ರ ತೆಗೆಯುವ ಯಂತ್ರದ ಕೊಳವೆಯೊಳಗೆ ಅವಳನ್ನು ಮಲಗಿಸಿ, ಹೆಬ್ಬೆರಳಿನ ಉಗುರನ್ನು ಮೆಲ್ಲಗೆ ಒತ್ತಿದರು.

"ಗಣಿಯೊಳಗೆ ಮಲಗಿದ ಹಾಗಿತ್ತು," ಎಂದು ಅವಳು ನನಗೆ ಹೇಳಿದಳು. "ಎಲ್ಲೋ ದೂರದಲ್ಲಿ ಬ್ಯಾಂಡು. ಉಗುರು ಒತ್ತಿದಾಗ ಬೆರಳು ದೊಡ್ಡದಾಗ್ತಾ ಹೋಗಿ ಕೆಂಪು ಬೆಟ್ಟ ಆಯ್ತು. ನಾನು ಅದರ ಮೇಲೆ ಒಬ್ಬಳೇ ನಡೀತಿದ್ದೆ."

ಹೊರಗೆ ಡಾಕ್ಟರ್ ದಾಮಿಯಾನಾರ ಹೆಬ್ಬೆರಳನ್ನೂ ಅಷ್ಟೇ ಒತ್ತಿದರು. "ನೋಯ್ತಾ?"

"ಇದಕ್ಕಾ? ಇಲ್ಲ."

"ಇವಳ ಮಿದುಳು ಇದನ್ನೇ ದೊಡ್ಡ ಪೆಟ್ಟು ಅಂದ್ಕೊಳ್ಳುತ್ತೆ. ನೋವಿನ ಸದ್ದು ತಗ್ಗಿಸಬೇಕಾದ ಭಾಗ ಸರಿಯಾಗಿ ತಗ್ಗಿಸ್ತಿಲ್ಲ. ಒಂದೇ ಚಿತ್ರ ನೋಡಿ ರೋಗ ಹೇಳೋಕಾಗಲ್ಲ, ಆದರೆ ಇಂಥ ಎಷ್ಟೋ ಮಕ್ಕಳಲ್ಲಿ ಹೀಗೇ ಕಾಣ್ತಿದೆ. ಗಾಯ ಇಲ್ಲ, ನೋವು ನಿಜ."

ದಾಮಿಯಾನಾ ಅದನ್ನು ತಮ್ಮ ಮಾತಿಗೆ ಇಳಿಸಿದರು. "ಅಂದ್ರೆ, ಕುಣಿತ ಮುಗಿದ್ರೂ ಡೋಲು ನಿಲ್ಲಿಸದ ಕುಡುಕನ ಥರ."

"ಹಾಗೇ ಅಂದ್ಕೊಳ್ಳಿ."

"ಅವನನ್ನ ಆಚೆ ಹಾಕೋಕಾಗಲ್ವಾ ಡಾಕ್ಟರೇ?"

"ಗದರಿಸಿದ್ರೆ ಇನ್ನೂ ಜೋರಾಗಿ ಬಾರಿಸ್ತಾನೆ. ಒಳ್ಳೇ ನಿದ್ದೆ, ದಿನಾ ಸ್ವಲ್ಪ ಸ್ವಲ್ಪ ನಡಿಗೆ. ಹೀಗೇ ಅವನನ್ನ ಮೆಲ್ಲಗೆ ಕೂರಿಸಬೇಕು."

ವಾಪಸಾಗುವಾಗ ಬಸ್ಸಿನ ಕಿಟಕಿಯಾಚೆ ಬಯಲು ತೇಲುತ್ತಿತ್ತು. ಅಮ್ಮ ತನ್ನ ಹೆಬ್ಬೆರಳನ್ನು ಮತ್ತೆ ಮತ್ತೆ ಒತ್ತಿ ನೋಡಿಕೊಳ್ಳುತ್ತಿದ್ದುದನ್ನು ಯೋಬಾನಾ ಅರೆನಿದ್ದೆಯಲ್ಲಿ ಕಂಡಳು. ಮರುದಿನ ದಾಮಿಯಾನಾ ಮಗಳ ವೇಷದ ಹೊಲಿಗೆ ಬಿಚ್ಚತೊಡಗಿದರು.

"ಏನ್ ಮಾಡ್ತಿದ್ದೀಯಮ್ಮ?"

"ನನ್ನ ಅಳತೆಗೆ ಹೊಲೀತೀನಿ. ಹರಕೆ ನಿಂದು, ಕಾಲು ನಂದು."

"ನಿನ್ನ ಸೊಂಟಕ್ಕೆ ಅಷ್ಟು ಬಟ್ಟೆ ಸಾಲಲ್ಲ."

"ಬಾಯಿಗೆ ಮಾತ್ರ ನೋವಿಲ್ಲ ನೋಡು," ಎಂದು ತಾಯಿ ಸೂಜಿಗೆ ದಾರ ಪೋಣಿಸಿದರು.

ನನ್ನ ದಾಖಲೆಯ ಕೊನೆಯ ಸಾಲುಗಳು ಇವು. ೨೦೧೯ರ ಮಾರ್ಚ್ ೨, ಕಾರ್ನಿವಲ್ ಶನಿವಾರ: ಯೋಬಾನಾ ಕೊಂದೋರಿಯ ಮೂರನೆಯ ಕುಣಿತವನ್ನು ತಾಯಿ ದಾಮಿಯಾನಾ ಪೂರೈಸಿದರು. ಕುಣಿತ ಮುಗಿಸಿದವರ ವಾಡಿಕೆಯಂತೆ ಚರ್ಚಿನ ಬಾಗಿಲಿನಿಂದ ಮಾತೆಯ ಪೀಠದವರೆಗೆ ತಾಯಿ ಮಂಡಿಯೂರಿ ಸಾಗಿದರು. ಮಗಳು ಪಕ್ಕದಲ್ಲಿ ನಡೆದಳು.